ಡಿಗ್ರಿಗೆ ಬಂದ ಮೇಲೂ ಕಾಡುವ ಇಂಗ್ಲಿಷ್ ಗ್ರಾಮರ್: ಕರಾವಳಿಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಮಂಗಳೂರು, ಉಡುಪಿ ಕಡೆಯ ಡಿಗ್ರಿ ವಿದ್ಯಾರ್ಥಿಗಳಿಗೆ. ಎಬಿಸಿಡಿಯಿಂದ ಶುರು ಮಾಡುವವರಿಗಲ್ಲ. ಓದಿದರೆ ಅರ್ಥ ಆಗುತ್ತದೆ, ಬರೆಯಲು ಕೂತರೆ ಮಾತ್ರ ಪೆನ್ನು ಮುಂದೆ ಹೋಗುವುದಿಲ್ಲ ಅನ್ನುವವರಿಗೆ. ಬಿಎ, ಬಿಕಾಂ, ಬಿಎಸ್‌ಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಜೋರಾಗಿ ಓದಿಕೊಳ್ಳಿ.

ಇಂಟರ್‌ಮೀಡಿಯೆಟ್ ಅಂದರೆ ಯಾವ ಮಟ್ಟ? ನಾನು ಅಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುವುದು?

ಯುರೋಪಿನಲ್ಲಿ ಭಾಷೆ ಕಲಿಯುವವರ ಮಟ್ಟ ಅಳೆಯಲು 2001ರಲ್ಲಿ ಒಂದು ಪಟ್ಟಿ ಪ್ರಕಟವಾಯಿತು. ಸಿಇಎಫ್‌ಆರ್ ಅಂತ ಅದರ ಹೆಸರು. ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು. ನಡುವಿನ ಬಿ1 ಮತ್ತು ಬಿ2 ಇಂಟರ್‌ಮೀಡಿಯೆಟ್. ಈಗ ಹೆಚ್ಚಿನ ಆನ್‌ಲೈನ್ ಪಾಠಗಳ ಮೇಲೆ ಇದೇ ಗುರುತು ಇರುತ್ತದೆ.

ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬೇಕಾದರೆ ಒಂದು ಕೆಲಸ ಮಾಡಿ. ಕಳೆದ ರಜೆಯಲ್ಲಿ ಏನು ಮಾಡಿದಿರಿ ಅಂತ ಒಂದು ಪುಟ ಬರೆಯಿರಿ. ಬರೆಯಲು ಬಂತು, ಆದರೆ ಎಲ್ಲ ವಾಕ್ಯಗಳೂ 'ಆ್ಯಂಡ್', 'ಸೋ', 'ದೆನ್' ಎಂದೇ ಸೇರಿಕೊಂಡಿವೆ, ಮೂರು ಕಡೆ ಟೆನ್ಸ್ ಅನುಮಾನ ಬಂತು ಅಂದರೆ ನೀವು ಬಿ1ರ ಹತ್ತಿರ ಇದ್ದೀರಿ. ನಮ್ಮ ಫಸ್ಟ್ ಇಯರ್ ಕ್ಲಾಸಿನ ಹೆಚ್ಚಿನವರು ಇರುವುದು ಅಲ್ಲೇ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕಲಿತರೆ ಬರುತ್ತದಾ?

ಬರುತ್ತದೆ. ನಮ್ಮ ಊರಲ್ಲೇ ಇದಕ್ಕೆ ಸಾಕ್ಷಿ ಉಂಟು. ಫರ್ಡಿನೆಂಡ್ ಕಿಟೆಲ್ ಜರ್ಮನಿಯವರು. 1832ರಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದರು. ಅಂದರೆ ಕನ್ನಡ ಕಲಿಯಲು ಕೂತಾಗ ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂತು. ಕನ್ನಡವೂ ಅವರ ಮನೆಮಾತಲ್ಲ, ಇಂಗ್ಲಿಷೂ ಅಲ್ಲ. ಕನ್ನಡವನ್ನಂತೂ ದೊಡ್ಡವರಾದ ಮೇಲೆ ಪಳಗಿಸಿಕೊಂಡರು.

ದೊಡ್ಡವರಾದ ಮೇಲೆ ಕಲಿಯುವವರಿಗೆ ಒಂದು ಅನುಕೂಲವೂ ಇದೆ. ಒಂದು ಭಾಷೆಯ ವ್ಯಾಕರಣ ಆಗಲೇ ಒಳಗೆ ಕೂತಿರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಒಂದಲ್ಲ, ಎರಡು ಮೂರು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ. ಇಂಗ್ಲಿಷಿನಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಈ ಭಾಷೆಗಳಿಂದಲೇ ಬರುತ್ತವೆ. ಆ ತಪ್ಪುಗಳನ್ನು ಬಿಡಿಸುವ ದಾರಿಯೂ ಅವುಗಳಲ್ಲೇ ಸಿಗುತ್ತದೆ. ಕೆಳಗಿನ ಉತ್ತರಗಳನ್ನೆಲ್ಲ ಹಾಗೇ ಬರೆದಿದ್ದೇನೆ.

'ಐ ಕೇಮ್' ಮತ್ತು 'ಐ ಹ್ಯಾವ್ ಕಮ್' ನಡುವೆ ಏನು ವ್ಯತ್ಯಾಸ? ಎಷ್ಟು ಸಲ ಓದಿದರೂ ಮರೆತು ಹೋಗುತ್ತದೆ.

ಪ್ರೆಸೆಂಟ್ ಪರ್ಫೆಕ್ಟ್ ಅಂತ ಹೆಸರಿಟ್ಟು ಕಲಿಸಿದ್ದರಿಂದ ಹೀಗಾಗಿದೆ. ಹೆಸರು ಬಿಡಿ. ತುಳು ಗೊತ್ತಿದ್ದರೆ 'ಆರ್ ಬತ್ತೆರ್' ಮತ್ತು 'ಆರ್ ಬೈದೆರ್' ಎರಡನ್ನೂ ಹೇಳಿ ನೋಡಿ. ಮೊದಲನೆಯದು ಬಂದ ಸಂಗತಿ. ಎರಡನೆಯದರಲ್ಲಿ ಅವರು ಬಂದು ಈಗ ಇಲ್ಲೇ ಇದ್ದಾರೆ. ಕೊಂಕಣಿಯವರಿಗೆ 'ತೊ ಆಯ್ಲೊ', 'ತೊ ಆಯ್ಲಾ'. ಕನ್ನಡದಲ್ಲಿ 'ಬಂದರು', 'ಬಂದಿದ್ದಾರೆ'. ನೆಂಟರು ಬಾಗಿಲಲ್ಲಿ ನಿಂತಿರುವಾಗ ಒಳಗಿದ್ದ ಅಮ್ಮನಿಗೆ ಏನು ಕೂಗುತ್ತೀರಿ? 'ಅತ್ತೆ ಬಂದಿದ್ದಾರೆ' ಅಂತ ಅಲ್ವಾ? ಅದೇ 'ಆಂಟಿ ಹ್ಯಾಸ್ ಕಮ್'. ಈ ಟೆನ್ಸ್ ನಿಮ್ಮ ಬಾಯಲ್ಲಿ ಚಿಕ್ಕಂದಿನಿಂದ ಇದೆ.

ಎಡವುವುದು ಇನ್ನೊಂದು ಕಡೆ. 'ನಿನ್ನೆ ಫೀಸು ಕಟ್ಟಿದ್ದೇನೆ' ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಪೇಯ್ಡ್ ದ ಫೀಸ್ ಯೆಸ್ಟರ್‌ಡೇ' ಆಗುವುದಿಲ್ಲ. ನಿನ್ನೆ, ಕಳೆದ ವಾರ, 2023ರಲ್ಲಿ ಅಂತ ಮುಗಿದು ಹೋದ ಹೊತ್ತನ್ನು ಹೆಸರಿಸಿದ ಕೂಡಲೇ 'ಹ್ಯಾವ್' ಬಿಟ್ಟು ಬಿಡಬೇಕು. 'ಐ ಪೇಯ್ಡ್ ದ ಫೀಸ್ ಯೆಸ್ಟರ್‌ಡೇ.' ಹೊತ್ತು ಹೇಳದಿದ್ದರೆ 'ಐ ಹ್ಯಾವ್ ಪೇಯ್ಡ್ ದ ಫೀಸ್' ಸರಿ.

ಇದರ ತಮ್ಮನಂಥ ಇನ್ನೊಂದು ತಪ್ಪು ನಮ್ಮಲ್ಲಿ ಇನ್ನೂ ಜಾಸ್ತಿ. 'ನಿನ್ನೆ ಮಣಿಪಾಲಕ್ಕೆ ಹೋಗಿದ್ದೆ' ಅನ್ನುವುದನ್ನು 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಣಿಪಾಲ್' ಮಾಡುತ್ತೇವೆ. 'ಹೋಗಿದ್ದೆ' ಅಂದರೆ ನಮಗೆ ಹೋಗಿ ವಾಪಸು ಬಂದೆ ಎಂಬ ಅರ್ಥ. ತುಳುವಿನ 'ಪೋದಿತ್ತೆ' ಕೂಡ ಹಾಗೇ. ಇಂಗ್ಲಿಷಿನ 'ಹ್ಯಾಡ್ ಗಾನ್'ಗೆ ಆ ಅರ್ಥ ಇಲ್ಲ. ಹಳೆಯ ಎರಡು ಘಟನೆಗಳಲ್ಲಿ ಯಾವುದು ಮೊದಲು ಅಂತ ತೋರಿಸುವುದು ಅದರ ಕೆಲಸ. 'ವೆನ್ ಐ ರೀಚ್ಡ್ ಸ್ಟೇಟ್ ಬ್ಯಾಂಕ್, ದ ಬಸ್ ಹ್ಯಾಡ್ ಲೆಫ್ಟ್.' ನಾನು ಸ್ಟೇಟ್ ಬ್ಯಾಂಕ್ ಸ್ಟಾಪಿಗೆ ತಲುಪುವ ಮೊದಲೇ ಬಸ್ಸು ಹೋಗಿತ್ತು. ಇಂಥ ಜೋಡಿ ಇಲ್ಲದೆ ಒಂದೇ ಘಟನೆ ಇದ್ದರೆ 'ಐ ವೆಂಟ್ ಟು ಮಣಿಪಾಲ್' ಸಾಕು.

'ಸಿನ್ಸ್' ಎಲ್ಲಿ, 'ಫಾರ್' ಎಲ್ಲಿ?

ಕನ್ನಡಕ್ಕೆ ಎರಡೂ ಕಡೆ ಒಂದೇ 'ಇಂದ'. ಎರಡು ವರ್ಷದಿಂದ, 2023ರಿಂದ. ಅದಕ್ಕೇ 'ಸಿನ್ಸ್ ಟು ಇಯರ್ಸ್' ಬರುವುದು. ಶುರುವಾದ ದಿನವನ್ನು ಹೇಳಿದರೆ 'ಸಿನ್ಸ್', ಕಳೆದ ಸಮಯದ ಉದ್ದ ಹೇಳಿದರೆ 'ಫಾರ್'. 'ಸಿನ್ಸ್ ಜೂನ್', 'ಫಾರ್ ಟು ಇಯರ್ಸ್'. ಜೊತೆಗೆ ಕ್ರಿಯಾಪದವನ್ನೂ ನೋಡಿಕೊಳ್ಳಿ. 'ಐ ಆ್ಯಮ್ ಸ್ಟಡೀಯಿಂಗ್ ಹಿಯರ್ ಫಾರ್ ಟು ಇಯರ್ಸ್' ಅರ್ಧ ಮಾತ್ರ ಸರಿ. 'ಐ ಹ್ಯಾವ್ ಬೀನ್ ಸ್ಟಡೀಯಿಂಗ್ ಹಿಯರ್ ಫಾರ್ ಟು ಇಯರ್ಸ್' ಅನ್ನಬೇಕು.

ಎ, ಆ್ಯನ್, ದ. ಇವು ಬೇಕೇ ಬೇಕಾ? ಬಿಟ್ಟರೂ ಅರ್ಥ ಆಗುತ್ತದಲ್ಲ?

ಅರ್ಥ ಆಗುತ್ತದೆ, ಮಾರ್ಕ್ಸ್ ಹೋಗುತ್ತದೆ. ನಿಜ ಹೇಳಬೇಕೆಂದರೆ ಈ ಮಟ್ಟದಲ್ಲಿ ಎಲ್ಲಕ್ಕಿಂತ ಕಷ್ಟದ ವಿಷಯ ಇದೇ. ಆದ್ದರಿಂದ ಸ್ವಲ್ಪ ಉದ್ದ ಉತ್ತರ.

ಮೊದಲು ಸುಲಭದ್ದು. 'ಎ' ಯಾವಾಗ, 'ಆ್ಯನ್' ಯಾವಾಗ? ಎ, ಇ, ಐ, ಓ, ಯು ಅಂತ ಐದು ಅಕ್ಷರ ಬಾಯಿಪಾಠ ಮಾಡಿಸುತ್ತಾರೆ. ಅದರಿಂದಲೇ 'ಆ್ಯನ್ ಯೂನಿವರ್ಸಿಟಿ' ಎಂಬ ತಪ್ಪು ಹುಟ್ಟಿದ್ದು. ಅದರ ಬದಲು ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. 'ಯೂನಿವರ್ಸಿಟಿ' ಶುರುವಾಗುವುದು ಯಕಾರದಿಂದ, ಆದ್ದರಿಂದ 'ಎ ಯೂನಿವರ್ಸಿಟಿ'. 'ಅವರ್' ಎಂಬ ಗಂಟೆಯ ಸ್ಪೆಲ್ಲಿಂಗಿನಲ್ಲಿ ಎಚ್ ಇದ್ದರೂ ಕನ್ನಡದಲ್ಲಿ ಮೊದಲು ಬರುವುದು ಅಕಾರ, ಆದ್ದರಿಂದ 'ಆ್ಯನ್ ಅವರ್'. 'ಆ್ಯನ್ ಎಂಬಿಎ', 'ಆ್ಯನ್ ಎಫ್‌ಐಆರ್', 'ಎ ಯುರೋಪಿಯನ್'. ನಮ್ಮ ಲಿಪಿ ಕಿವಿಗೆ ಕೇಳಿದ್ದನ್ನೇ ಬರೆಯುತ್ತದೆ. ಇಂಗ್ಲಿಷಿನ ಈ ನಿಯಮವೂ ಕೇಳುವ ಸದ್ದಿಗೇ ಇರುವುದು.

ಎರಡು ಕಡೆ ಎಚ್ಚರ ಬೇಕು. 'ಒನ್' ಅಂತ ನಾವು ಬರೆಯುತ್ತೇವೆ, ಆದರೆ ಅದರ ಉಚ್ಚಾರ 'ವನ್'. ಹಾಗಾಗಿ 'ಎ ಒನ್‌ವೇ ರೋಡ್'. ಮಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಇದು ದಿನಾ ಬೇಕಾಗುವ ಪದ! ಇನ್ನೊಂದು, 'ಎಗ್' ಅನ್ನುವುದನ್ನು 'ಯೆಗ್' ಅನ್ನುವ ಅಭ್ಯಾಸ ನಿಮಗಿದ್ದರೆ ಕಿವಿ ಮೋಸ ಮಾಡುತ್ತದೆ.

ಇನ್ನು 'ದ'. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಅಂತ ಪುಸ್ತಕಗಳು ಹೇಳುತ್ತವೆ. ಆರ್ಟಿಕಲ್ ಇಲ್ಲದಿದ್ದರೂ ಅದರ ಕೆಲಸ ಮಾಡುವ ದಾರಿ ಇದೆ. 'ಪುಸ್ತಕ ಓದಿದೆ' ಅಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕವನ್ನು ಓದಿದೆ' ಅಂದರೆ ಕೇಳುವವರಿಗೂ ಯಾವ ಪುಸ್ತಕ ಅಂತ ಗೊತ್ತು. ಮೊದಲನೆಯದು 'ಐ ರೆಡ್ ಎ ಬುಕ್'. ಎರಡನೆಯದು 'ಐ ರೆಡ್ ದ ಬುಕ್'. ಯಾವಾಗಲೂ ಇಷ್ಟು ನೇರವಾಗಿ ಹೊಂದುವುದಿಲ್ಲ, ಆದರೆ ಅನುಮಾನ ಬಂದಾಗ ಕೈ ಹಿಡಿಯುತ್ತದೆ. ಅಜ್ಜಿಕತೆ ಶುರುವಾಗುವ ರೀತಿಯನ್ನೂ ನೆನಪಿಸಿಕೊಳ್ಳಿ. 'ಒಂದೂರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು.' ಮೊದಲ ಸಲ 'ಒಬ್ಬ', ಎರಡನೇ ಸಲ 'ಆ'. ಇಂಗ್ಲಿಷಿನಲ್ಲಿ 'ಎ ಕಿಂಗ್', ಮತ್ತೆ 'ದ ಕಿಂಗ್'. ಕನ್ನಡದಲ್ಲಿ 'ಆ' ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬಿಡುವ ಹಾಗಿಲ್ಲ.

ಊರು, ನದಿಗಳ ಹೆಸರಿಗೆ ಮಾತ್ರ ತರ್ಕ ಹುಡುಕಬೇಡಿ, ಅಭ್ಯಾಸ ಮಾಡಿಕೊಳ್ಳಿ. ನದಿಗೆ 'ದ' ಬೇಕು: 'ದ ನೇತ್ರಾವತಿ', 'ದ ಸ್ವರ್ಣಾ'. ಸಮುದ್ರಕ್ಕೂ ಬೆಟ್ಟದ ಸಾಲಿಗೂ ಬೇಕು: 'ದ ಅರೇಬಿಯನ್ ಸೀ', 'ದ ವೆಸ್ಟರ್ನ್ ಘಾಟ್ಸ್'. ಊರಿಗೆ ಬೇಡ, 'ಮಲ್ಪೆ ಬೀಚ್'ಗೂ ಬೇಡ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ದ್ವೀಪ ಒಂದೇ ಅಂತ ಹೇಳುವಾಗ 'ಸೇಂಟ್ ಮೇರೀಸ್ ಐಲ್ಯಾಂಡ್', ದ್ವೀಪಗಳ ಗುಂಪು ಅನ್ನುವಾಗ 'ದ ಸೇಂಟ್ ಮೇರೀಸ್ ಐಲ್ಯಾಂಡ್ಸ್'.

'ಐ ಆ್ಯಮ್ ಹ್ಯಾವಿಂಗ್ ಎ ಡೌಟ್' ತಪ್ಪಾ?

ಪರೀಕ್ಷೆಯಲ್ಲಿ ತಪ್ಪು. ಇರುವುದು, ಗೊತ್ತಿರುವುದು, ಬೇಕಾಗಿರುವುದು, ಇಷ್ಟ ಇರುವುದು ಇವು ಕೆಲಸಗಳಲ್ಲ, ಸ್ಥಿತಿಗಳು. ಇವಕ್ಕೆ ಸಾಮಾನ್ಯವಾಗಿ ಐಎನ್‌ಜಿ ಬೇಡ. 'ಐ ಹ್ಯಾವ್ ಎ ಡೌಟ್', 'ಐ ನೋ ಹಿಮ್'. ಊಟದ ವಿಷಯ ಬೇರೆ. 'ಐ ಆ್ಯಮ್ ಹ್ಯಾವಿಂಗ್ ಲಂಚ್' ಸರಿ, ಅಲ್ಲಿ 'ಹ್ಯಾವ್' ಅಂದರೆ ಉಣ್ಣುವುದು.

ಇಫ್ ವಾಕ್ಯಗಳಲ್ಲಿ ಮೂರು ಟೈಪ್ ಅಂತ ಬರೆಸಿದ್ದಾರೆ. ಮೂರೂ ಕಲಸಿಹೋಗುತ್ತವೆ.

ಟೈಪ್ ನಂಬರ್ ಯಾರಿಗೂ ನೆನಪಿರುವುದಿಲ್ಲ. ಕನ್ನಡದಲ್ಲಿ ಹೇಳಿ ನೋಡಿ.

'ರಾತ್ರಿ ಜೋರು ಮಳೆ ಬಂದರೆ ಡಿಸಿ ರಜೆ ಕೊಡುತ್ತಾರೆ.' ಜೂನ್, ಜುಲೈಯಲ್ಲಿ ನಮ್ಮ ಎರಡೂ ಜಿಲ್ಲೆಯ ಮಕ್ಕಳು ಹೇಳುವ ಮಾತು ಇದು. (ಡಿಗ್ರಿಯವರಿಗೆ ಆ ರಜೆ ಇಲ್ಲದೆ ಹೊಟ್ಟೆ ಉರಿಯುವುದೂ ಉಂಟು.) 'ಬಂದರೆ' ಎಂಬುದರಲ್ಲಿ ಮುಂದಿನ ಕಾಲದ ಗುರುತು ಇಲ್ಲ. ಇಂಗ್ಲಿಷಿನ ಇಫ್ ಭಾಗದಲ್ಲೂ ಇಲ್ಲ. 'ಇಫ್ ಇಟ್ ರೇನ್ಸ್ ಹೆವಿಲಿ ಟುನೈಟ್, ದ ಡಿಸಿ ವಿಲ್ ಡಿಕ್ಲೇರ್ ಎ ಹಾಲಿಡೇ.' 'ಇಫ್ ಇಟ್ ವಿಲ್ ರೇನ್' ಅನ್ನಬೇಡಿ. 'ವಿಲ್' ಎರಡನೇ ಭಾಗಕ್ಕೆ ಮಾತ್ರ.

'ದುಡ್ಡಿದ್ದರೆ ಸ್ಕೂಟರ್ ತೆಗೆದುಕೊಳ್ಳುತ್ತಿದ್ದೆ.' ಈಗ ದುಡ್ಡಿಲ್ಲ, ಸುಮ್ನೆ ಹೇಳುವುದು. ಗಮನಿಸಿ, 'ತೆಗೆದುಕೊಳ್ಳುತ್ತಿದ್ದೆ' ಹಿಂದಿನ ಕಾಲದ ರೂಪ, ಆದರೆ ಹೇಳುತ್ತಿರುವುದು ಈಗಿನ ವಿಷಯ. ನಡೆಯದ ಮಾತು ಅಂತ ತೋರಿಸಲು ಕನ್ನಡವೂ ಹಿಂದಿನ ಕಾಲದ ರೂಪವನ್ನೇ ತರುತ್ತದೆ, ಇಂಗ್ಲಿಷೂ ಅದನ್ನೇ ತರುತ್ತದೆ. 'ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಎ ಸ್ಕೂಟರ್.'

'ಬೇಗ ಹೊರಟಿದ್ದರೆ ಬಸ್ಸು ಸಿಗುತ್ತಿತ್ತು.' ಆಗಿ ಹೋದದ್ದು, ಇನ್ನು ಬದಲಾಗುವುದಿಲ್ಲ. 'ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿಯರ್, ಐ ವುಡ್ ಹ್ಯಾವ್ ಕಾಟ್ ದ ಬಸ್.' ತಪ್ಪಾಗುವುದು ಇಲ್ಲಿ. ಕನ್ನಡದಲ್ಲಿ ಎರಡನೇ ಮತ್ತು ಮೂರನೇ ವಾಕ್ಯದ ಕೊನೆ ಒಂದೇ ಥರ: ತೆಗೆದುಕೊಳ್ಳುತ್ತಿದ್ದೆ, ಸಿಗುತ್ತಿತ್ತು. ಇಂಗ್ಲಿಷಿನಲ್ಲಿ ಬೇರೆ ಬೇರೆ: 'ವುಡ್ ಬೈ', 'ವುಡ್ ಹ್ಯಾವ್ ಕಾಟ್'. ಮೊದಲ ಭಾಗದಲ್ಲಿ 'ಹೊರಟಿದ್ದರೆ', 'ಓದಿದ್ದರೆ', 'ಹೇಳಿದ್ದರೆ' ಅಂತ ಆಗಬಹುದಿದ್ದ ಒಂದು ಕೆಲಸ ಬಂದರೆ ಎರಡನೇ ಭಾಗಕ್ಕೆ 'ವುಡ್ ಹ್ಯಾವ್' ಹಾಕಿ.

ರಿಪೋರ್ಟೆಡ್ ಸ್ಪೀಚ್ ನಿಯಮಗಳ ಟೇಬಲ್ ಬಾಯಿಪಾಠ ಮಾಡಬೇಕಾ?

ಟೇಬಲ್ ಪರೀಕ್ಷೆಗೆ ಒಮ್ಮೆ ನೋಡಿಕೊಳ್ಳಿ. ತೊಂದರೆಯ ಬೇರು ನಮ್ಮ 'ಅಂತ'ದಲ್ಲಿದೆ. 'ಅವನು ನಾಳೆ ಬರುತ್ತೇನೆ ಅಂತ ಹೇಳಿದ.' ಇಲ್ಲಿ ಅವನು ಆಡಿದ ಮಾತು ಹಾಗೇ ಉಳಿದಿದೆ. ಅದನ್ನೇ ಇಂಗ್ಲಿಷಿಗೆ ತಂದರೆ 'ಹೀ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ' ಆಗುತ್ತದೆ, ಬರುವವರು ನೀವೇ ಆಗಿಬಿಡುತ್ತೀರಿ. ಇಂಗ್ಲಿಷಿನಲ್ಲಿ ಹೇಳುತ್ತಿರುವ ನಿಮ್ಮ ಕಡೆಯಿಂದ ಎಲ್ಲವನ್ನೂ ನೋಡಬೇಕು. ನಾನು ಹೋಗಿ ಅವನು ಬರುತ್ತಾನೆ, 'ವಿಲ್' ಹೋಗಿ 'ವುಡ್' ಬರುತ್ತದೆ. 'ಹೀ ಸೆಡ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ.'

ಇದರ ಪಕ್ಕದಲ್ಲೇ ಇರುವ ಇನ್ನೊಂದು: 'ಐ ಡೋಂಟ್ ನೋ ವೇರ್ ಈಸ್ ಹೀ.' ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿದ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. 'ಐ ಡೋಂಟ್ ನೋ ವೇರ್ ಹೀ ಈಸ್.' ಇಂಟರ್‌ವ್ಯೂನಲ್ಲಿ 'ಕುಡ್ ಯು ಟೆಲ್ ಮಿ ವೆನ್ ದ ಟ್ರೈನಿಂಗ್ ಸ್ಟಾರ್ಟ್ಸ್' ಅಂತ ಸರಿಯಾಗಿ ಕೇಳಿದರೆ ಚೆನ್ನಾಗಿ ಕೇಳಿಸುತ್ತದೆ.

ಎಲ್ಲದಕ್ಕೂ 'ಈಸಂಟ್ ಇಟ್' ಹಾಕಬಹುದಾ?

ಕನ್ನಡದ 'ಅಲ್ವಾ' ಎಲ್ಲ ಕಡೆ ನಡೆಯುತ್ತದೆ, 'ಈಸಂಟ್ ಇಟ್' ನಡೆಯುವುದಿಲ್ಲ. 'ಯು ಆರ್ ಫ್ರಂ ಕುಂದಾಪುರ, ಆರಂಟ್ ಯು?' 'ಶೀ ಸಿಂಗ್ಸ್ ವೆಲ್, ಡಸಂಟ್ ಶೀ?' ಸ್ನೇಹಿತರ ನಡುವೆ ಹೇಗಾದರೂ ಮಾತಾಡಿ. ಉತ್ತರಪತ್ರಿಕೆಯಲ್ಲಿ ಬೇಡ.

ಪ್ರಿಪೊಸಿಷನ್‌ಗೆ ನಿಯಮ ಇದೆಯಾ?

ಹೆಚ್ಚಿನದಕ್ಕೆ ಇಲ್ಲ. ಪದದ ಜೊತೆಗೇ ಕಲಿಯಬೇಕು. ನಮ್ಮಲ್ಲಿ ಬರುವ ಕೆಲವು ತಪ್ಪುಗಳಿಗೆ ಮಾತ್ರ ಕಾರಣ ಹೇಳಬಹುದು. 'ಅದರ ಬಗ್ಗೆ ಚರ್ಚೆ ಮಾಡಿದೆವು' ಅನ್ನುವುದರಿಂದ 'ಡಿಸ್ಕಸ್ಡ್ ಅಬೌಟ್' ಬರುತ್ತದೆ. 'ಡಿಸ್ಕಸ್ಡ್ ಇಟ್' ಸಾಕು. 'ಮನೆಗೆ ಹೋದೆ' ಅನ್ನುವ ಗೆ-ಕಾರದಿಂದ 'ವೆಂಟ್ ಟು ಹೋಮ್'. 'ವೆಂಟ್ ಹೋಮ್' ಸಾಕು. 'ಅವನ ಜೊತೆ ಮದುವೆ'ಯಿಂದ 'ಮ್ಯಾರೀಡ್ ವಿತ್'. 'ಮ್ಯಾರೀಡ್ ಟು' ಅನ್ನಬೇಕು.

ಗೊತ್ತಿದ್ದೂ ಮಾರ್ಕ್ಸ್ ಕಳೆದುಕೊಳ್ಳುವ ಜಾಗಗಳು ಯಾವುವು?

'ಒನ್ ಆಫ್ ಮೈ ಫ್ರೆಂಡ್ಸ್ ಈಸ್'. ಫ್ರೆಂಡ್ಸ್ ಬಹುವಚನ, ಕ್ರಿಯಾಪದ ಏಕವಚನ. 'ಎವ್ರಿವನ್ ಹ್ಯಾಸ್', ಏಕೆಂದರೆ ನಮ್ಮ 'ಎಲ್ಲರೂ' ಬಹುವಚನವಾದರೂ ಅದು ಏಕವಚನ. ಫರ್ನಿಚರ್, ಇನ್ಫರ್ಮೇಷನ್, ಎಕ್ವಿಪ್‌ಮೆಂಟ್, ಅಡ್ವೈಸ್ ಇವಕ್ಕೆ ಕೊನೆಯಲ್ಲಿ ಎಸ್ ಇಲ್ಲ. ಅನುಮಾನ ಇದ್ದರೆ ಕೇಂಬ್ರಿಜ್ ಆನ್‌ಲೈನ್ ಡಿಕ್ಷನರಿ ನೋಡಿ. ಪದದ ಪಕ್ಕದಲ್ಲಿ ಸಿ ಅಂತ ಇದ್ದರೆ ಎಣಿಸಬಹುದು, ಯು ಅಂತ ಇದ್ದರೆ ಎಣಿಸಲು ಬರುವುದಿಲ್ಲ.

ಪ್ಯಾಸಿವ್ ವಾಯ್ಸ್ ಯಾರು ಬಳಸುತ್ತಾರೆ?

ನೀವೇ, ಲ್ಯಾಬ್ ರೆಕಾರ್ಡಿನಲ್ಲಿ. 'ದ ಸೊಲ್ಯೂಷನ್ ವಾಸ್ ಹೀಟೆಡ್.' ಬಿಸಿ ಮಾಡಿದ್ದು ಯಾರು ಅನ್ನುವುದು ಅಲ್ಲಿ ಮುಖ್ಯವಲ್ಲ. 'ಬಿಸಿ ಮಾಡಲಾಯಿತು' ಅಂತ ಕನ್ನಡದಲ್ಲೂ ಬರೆಯುತ್ತೇವೆ. ಉಳಿದ ಕಡೆ ಕಡಿಮೆ ಬಳಸಿದರೆ ಬರವಣಿಗೆ ಹಗುರ ಇರುತ್ತದೆ.

'ಪ್ರಿಪೋನ್', 'ಪಾಸ್ಡ್ ಔಟ್' ಅಂದರೆ ನಗುತ್ತಾರೆ. ಇಂಡಿಯನ್ ಇಂಗ್ಲಿಷ್ ತಪ್ಪಾ?

ತಪ್ಪು ಅಂತ ನಾನು ಒಪ್ಪುವುದಿಲ್ಲ. 'ಪ್ರಿಪೋನ್' ಈಗ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಆದರೆ ಓದುವವರು ಯಾರು ಅಂತ ನೋಡಿ. ಹೊರದೇಶದ ಕಂಪನಿಗೆ ಬರೆಯುವಾಗ 'ಐ ಪಾಸ್ಡ್ ಔಟ್ ಇನ್ 2024' ಅಂದರೆ ಮೂರ್ಛೆ ಹೋದಿರಿ ಅಂತ ತಿಳಿಯಬಹುದು. 'ಐ ಗ್ರಾಜುಯೇಟೆಡ್' ಅಂತ ಬರೆಯಿರಿ.

ಬ್ಯಾಂಕ್ ಪರೀಕ್ಷೆಗೆ, ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ಗೆ ಒಂದೇ ಗ್ರಾಮರ್ ಸಾಕಾ?

ಗ್ರಾಮರ್ ಒಂದೇ, ಕೇಳುವ ರೀತಿ ಬೇರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಐದೂ ಬ್ಯಾಂಕ್ ಹುಟ್ಟಿದ ನೆಲದವರು ನಾವು. ಹಾಗಾಗಿ ಮನೆಯಲ್ಲಿ ಬ್ಯಾಂಕ್ ಕೆಲಸದ ಒತ್ತಾಯ ಇದ್ದೇ ಇರುತ್ತದೆ. ಬ್ಯಾಂಕ್ ಕೆಲಸಕ್ಕೆ ಬರೆಯುವ ಐಬಿಪಿಎಸ್ ಪರೀಕ್ಷೆಯ ಮೊದಲ ಹಂತ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಅಲ್ಲಿ ಬೇಕಾಗುವುದು ಬೇರೆಯವರ ವಾಕ್ಯದಲ್ಲಿ ತಪ್ಪನ್ನು ಬೇಗ ಹಿಡಿಯುವ ಕಣ್ಣು. ಆರ್ಟಿಕಲ್, ಪ್ರಿಪೊಸಿಷನ್, ಏಕವಚನ-ಬಹುವಚನ ಚೆನ್ನಾಗಿ ನೋಡಿಕೊಳ್ಳಿ.

ಐಇಎಲ್‌ಟಿಎಸ್‌ನಲ್ಲಿ ಗ್ರಾಮರ್‌ಗೆ ಬೇರೆ ಪೇಪರ್ ಇಲ್ಲ. ರೈಟಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ ನಾಲ್ಕು ಅಂಶ ನೋಡಿ ಅಂಕ ಕೊಡುತ್ತಾರೆ, ಅದರಲ್ಲಿ ಒಂದು ಗ್ರಾಮರ್. ತಪ್ಪಿಲ್ಲದಿರುವುದಷ್ಟೇ ಸಾಲದು, ಬೇರೆ ಬೇರೆ ಬಗೆಯ ವಾಕ್ಯ ಕಟ್ಟುತ್ತೀರಾ ಅಂತಲೂ ನೋಡುತ್ತಾರೆ. ಅಲ್ಲಿ ಇಫ್ ವಾಕ್ಯಗಳು ಕೆಲಸಕ್ಕೆ ಬರುತ್ತವೆ.

ಫೋನಿನ ಆ್ಯಪ್ ಎಲ್ಲ ತಿದ್ದಿ ಕೊಡುತ್ತದೆ. ಮತ್ತೆ ನಾನು ಯಾಕೆ ಕಲಿಯಬೇಕು?

ಪರೀಕ್ಷೆ ಹಾಲಿಗೆ ಫೋನ್ ಬಿಡುವುದಿಲ್ಲ ಮಾರಾಯ್ರೆ! ಅದನ್ನು ಬಿಟ್ಟರೂ, ಆ್ಯಪ್ ಕೆಲವು ಸಲ ನೀವು ಹೇಳಲು ಹೊರಟದ್ದನ್ನೇ ಬದಲಾಯಿಸುತ್ತದೆ. ಬದಲಾಗಿದೆ ಅಂತ ಗೊತ್ತಾಗಲಾದರೂ ಗ್ರಾಮರ್ ಬೇಕು. ಬಳಸುವುದಾದರೆ ಹೀಗೆ ಬಳಸಿ. ಮೊದಲು ನೀವೇ ಬರೆಯಿರಿ. ಆಮೇಲೆ ಅದು ಏನು ತಿದ್ದಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಅದೇ ವಾಕ್ಯದ ಕನ್ನಡವನ್ನೋ ತುಳುವನ್ನೋ ಬರೆಯಿರಿ. ಒಂದೇ ಥರದ ತಪ್ಪು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಅದು ಎಲ್ಲಿಂದ ಬರುತ್ತಿದೆ ಎಂಬುದೂ ಕಾಣುತ್ತದೆ.

ಬರೆಯುವಾಗ ಸರಿ ಬರುತ್ತದೆ, ಮಾತಾಡುವಾಗ ಎಲ್ಲ ಮರೆತು ಹೋಗುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲಾ?

ಸೇರುವ ಮೊದಲು ಒಂದು ಡೆಮೊ ಕ್ಲಾಸಿಗೆ ಹೋಗಿ ಕೂತು ನೋಡಿ. ಪೂರ್ತಿ ಹೊತ್ತು ಮಾತಾಡಿದ್ದು ಟೀಚರ್ ಒಬ್ಬರೇ ಆದರೆ ದುಡ್ಡು ಕೊಡಬೇಡಿ. ಬಿಬಿಸಿ ಲರ್ನಿಂಗ್ ಇಂಗ್ಲಿಷ್, ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಎರಡರಲ್ಲೂ ಈ ಮಟ್ಟದ ಪಾಠಗಳು ಉಚಿತವಾಗಿ ಸಿಗುತ್ತವೆ. ಕೇಳಿದ್ದನ್ನು ಹಾಗೇ ಬಾಯಲ್ಲಿ ಹೇಳಿ.

ಮಾತಾಡಲು ಜೊತೆ ಬೇಕಾದರೆ ದಿನಾ ಒಟ್ಟಿಗೆ ಪ್ರಯಾಣ ಮಾಡುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹಿಡಿಯಿರಿ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಡುಬಿದ್ರಿಯಿಂದ ಮುಲ್ಕಿವರೆಗೆ ಬರೀ ಇಂಗ್ಲಿಷ್ ಅಂತ ಮಾತು ಮಾಡಿಕೊಳ್ಳಿ. ನಿನ್ನೆ ಏನಾಯಿತು ಅಂತ ಒಬ್ಬರು ಹೇಳುವುದು, ಇನ್ನೊಬ್ಬರು ಅದನ್ನೇ 'ಶೀ ಸೆಡ್' ಅಂತ ತಿರುಗಿಸಿ ಹೇಳುವುದು. ಮಾತಿನ ಮಧ್ಯೆ ತಿದ್ದಬೇಡಿ, ತಿದ್ದುವುದು ಮುಲ್ಕಿ ಸ್ಟಾಪ್ ಬಂದ ಮೇಲೆ.